‘ತಂದೆಯ ಉದ್ಯೋಗ’ ಅನ್ನೋ ಕಾಲಂ

ಕಾಲೇಜಿಗೆ ರಜೆ ಬಂತು ಅಂದ್ರೆ ಪಾಠ ಮಾಡುವವರಿಗೆ ಖುಷಿ ಆಗಬೇಕು ಅಲ್ವಾ? ಆದರೆ ವರ್ಷವರ್ಷವೂ ಹೊಸದಾಗಿ ನೇಮಕವಾಗಬೇಕಾದ ಅತಿಥಿ ಉಪನ್ಯಾಸಕರು, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಜಾಸ್ತಿ ಬರೋದು ರಜೆಯಲ್ಲೇ. ನಿದ್ದೆ ಇಲ್ಲ, ಎದೆ ಡವಡವ, ಮನೆಯಲ್ಲಿ ಸುಮ್‌ಸುಮ್ನೆ ಸಿಟ್ಟು. ಅವರಲ್ಲೊಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಯಸ್ಸು ನಲವತ್ತು ದಾಟಿದೆ. ತಾಲೂಕಿನ ಪದವಿ ಕಾಲೇಜಿನಲ್ಲಿ 13 ವರ್ಷದಿಂದ ಇತಿಹಾಸ ಹೇಳಿಕೊಡುತ್ತಿದ್ದಾರೆ. ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಮೆರಿಟ್ ಪಟ್ಟಿ, ಮತ್ತೆ ಕಾಲೇಜು ಹಂಚುವ ಕೌನ್ಸೆಲಿಂಗ್. ಕಾಯಂ ಉಪನ್ಯಾಸಕರು ಯಾರಾದರೂ ವರ್ಗವಾಗಿ ಬಂದರೆ ಇವರ ಕಾರ್ಯಭಾರ ಹೋಯಿತು. 2022ರಲ್ಲಿ ಸರ್ಕಾರ ಗೌರವಧನ ಏರಿಸಿತಲ್ಲ, ಆಗ ಏನನ್ನಿಸಿತು ಅಂತ ಕೇಳಿದೆ. ‘ದುಡ್ಡು ಜಾಸ್ತಿ ಆಯ್ತು ಮೇಡಂ, ನಿದ್ದೆ ಬರಲಿಲ್ಲ’ ಅಂದರು.

ಮೂರನೇ ಭೇಟಿಯಲ್ಲಿ ಮಡಚಿದ ಒಂದು ಫಾರಂ ಟೇಬಲ್ ಮೇಲಿಟ್ಟರು. ಮಗಳ ಶಾಲೆಯದು. ‘ತಂದೆಯ ಉದ್ಯೋಗ’ ಅನ್ನುವ ಕಡೆ ‘ಉಪ’ ಅಂತ ಬರೆದು, ಕಾಗದ ಹರಿಯುವಷ್ಟು ಗೀಚಿ, ಪಕ್ಕದಲ್ಲಿ ‘ಕೃಷಿ’ ಅಂತ ಬರೆದಿದ್ದರು.

‘ಜಮೀನಿದೆಯಾ?’

‘ಇಲ್ಲ. ಅಪ್ಪಂದಿತ್ತು, ಮಾರಿದ್ದಾಯ್ತು. ರಜೇಲಿ ಫಾರಂ ಕೊಟ್ರು ಮೇಡಂ. ರಜೇಲಿ ನಾನು ಏನು ಅಂತ ನಂಗೇ ಗೊತ್ತಿರಲ್ಲ.’

ಬೆರಳು ಆ ಗೀಚಿನ ಮೇಲೇ ಆಡುತ್ತಿತ್ತು. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿಯೇ ಕೇಳಿದೆ. ಹೋದ ವರ್ಷ ಒಂದು ರಾತ್ರಿ ಬಂದಿತ್ತಂತೆ. ಯಾರಿಗೂ ಹೇಳಿರಲಿಲ್ಲ.

ಹಿಂದೆ ಇಂಥದೇ ಸ್ಥಿತಿಯಲ್ಲಿದ್ದ ಇನ್ನೊಬ್ಬರಿಗೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದೆ. ಅವರು ತಿರುಗಿ ಬರಲಿಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಹಾಗಾಗಿ ಇವರಿಗೆ ಮೊದಲು ಹೇಳಿದ್ದು ಇಷ್ಟು: ಈ ಭಯ ನಿಮ್ಮ ಪುಕ್ಕಲುತನ ಅಲ್ಲ, ಈ ವರ್ಷ ಕೆಲಸ ಇದೆಯೋ ಇಲ್ಲವೋ ಅಂತ 13 ಸಲ ಕಾದ ಯಾರಿಗಾದರೂ ಇದು ಬರುತ್ತದೆ. ಕೆಲಸ ಹೋಗೇಬಿಟ್ಟರೆ ಮನುಷ್ಯ ಅಳುತ್ತಾನೆ, ಬೇರೆ ದಾರಿ ನೋಡುತ್ತಾನೆ. ಇಲ್ಲಿ ಅಳೋ ಹಾಗೂ ಇಲ್ಲ, ನೆಮ್ಮದಿಯಾಗಿ ಕೂರೋ ಹಾಗೂ ಇಲ್ಲ.

ಆಮೇಲೆ ಸಲಹೆ. ನಿದ್ದೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಈ ವಾರವೇ ನೋಡಿ. ರಾತ್ರಿ ಕೆಟ್ಟ ಯೋಚನೆ ಬಂದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ‘ಆರ್ಡರ್ ಬಂತಾ’ ಅಂತ ವಾಟ್ಸಾಪ್ ಗುಂಪು ನೋಡೋದು ದಿನಕ್ಕೆ ಎರಡೇ ಸಲ. ಸಂಬಳವಿಲ್ಲದ ತಿಂಗಳುಗಳ ಲೆಕ್ಕ ಹೆಂಡತಿಯ ಜೊತೆ ಕೂತು ಬರೆಯಿರಿ, ಕೈಸಾಲವನ್ನೂ ಸೇರಿಸಿ. ಆ ಸಾಲ ಹೆಂಡತಿಗೆ ಗೊತ್ತೇ ಇರಲಿಲ್ಲ. ಮತ್ತೆ, ನಾಚಿಕೆಯಿಂದ ಬಿಟ್ಟಿದ್ದ ಅತಿಥಿ ಉಪನ್ಯಾಸಕರ ಸಭೆಗೆ ಹೋಗಿ.

ಕೆಲಸ ಬಿಡಿ ಅಂತ ಯಾಕೆ ಹೇಳಲಿಲ್ಲ ಅಂತ ನನ್ನ ಸಹೋದ್ಯೋಗಿಯೇ ಕೇಳಿದರು. ಕಾಯಮಾತಿ ಸುಲಭವಿಲ್ಲ ಅಂತ ನನಗೂ ಗೊತ್ತು. ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕು ಅಂತ ಕೇಳುವಂತಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉಮಾದೇವಿ ತೀರ್ಪು, ಅದೂ ನಮ್ಮ ಕರ್ನಾಟಕದ್ದೇ ಕೇಸು, ಇವರಿಗೆ ಬಾಯಿಪಾಠ. ಆದರೆ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದವರು ಅಂಥ ತೀರ್ಮಾನ ಮಾಡಬಾರದು ಅನ್ನೋದು ನನ್ನ ನಂಬಿಕೆ. ನಿದ್ದೆ ಬರಲಿ, ಕ್ಲಾಸ್ ಶುರುವಾಗಲಿ, ಆಮೇಲೆ ಬೇರೆ ದಾರಿಗಳನ್ನು ಕೂತು ನೋಡೋಣ, ಅದಕ್ಕೊಂದು ತಾರೀಕು ನೀವೇ ಹಾಕಿ ಅಂದೆ. ದೀಪಾವಳಿ ಅಂದರು. ಇಷ್ಟು ವರ್ಷ ಎಲ್ಲ ತಾರೀಕೂ ಬೇರೆಯವರೇ ಹಾಕಿದ್ದು.

ಫಾರಂ ಬಗ್ಗೆ ನಾನು ಏನೂ ಹೇಳಲಿಲ್ಲ. ಅದನ್ನು ಮತ್ತೆ ಮಡಚಿ ಜೇಬಿಗಿಟ್ಟುಕೊಂಡರು. ಈಗ ಮಾತ್ರೆ ತಗೊಂಡು ಐದು ಗಂಟೆ ನಿದ್ದೆ ಮಾಡುತ್ತಿದ್ದಾರೆ. ಈ ವರ್ಷದ ಆದೇಶ ಇನ್ನೂ ಬಂದಿಲ್ಲ. ಶನಿವಾರ ಹೆಂಡತಿಯನ್ನೂ ಕರೆದುಕೊಂಡು ಬರುತ್ತೇನೆ ಅಂದಿದ್ದಾರೆ.