ಚೆಂಡು ಹೋದ ಮೇಲಿನ ಐದು ಸೆಕೆಂಡು

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ಹಾಕಿಯಲ್ಲಿ ಫಾರ್ವರ್ಡ್. ಅರ್ಧ ಪಂದ್ಯ ಚೆನ್ನಾಗಿ ಆಡುತ್ತಾನೆ. ಆಮೇಲೆ ಚೆಂಡು ಹೋದರೆ ಸೊಂಟಕ್ಕೆ ಕೈಯಿಟ್ಟು ನಿಂತುಬಿಡುತ್ತಾನೆ. ಛಲವಿಲ್ಲ ಅನ್ನುತ್ತಾರೆ. ಛಲ ಕಲಿಸಲು ಬರುತ್ತದೆಯೇ?
– ಓದುಗರು, ನಾಪೋಕ್ಲು

ಉತ್ತರ: ಬರುತ್ತದೆ, ಗೆರೆಯಾಚೆ ನಿಂತು ಕೂಗಿದರೆ ಮಾತ್ರ ಬರುವುದಿಲ್ಲ. ಮೊದಲು ಉಸಿರು ನೋಡಿ. ಪೂರ್ಣ ಪಂದ್ಯವೆಂದರೆ 15 ನಿಮಿಷದ 4 ಕ್ವಾರ್ಟರ್. ಆರಂಭದಲ್ಲೇ ಕಂಡ ಚೆಂಡಿಗೆಲ್ಲ ಓಡುವ ಹುಡುಗನ ಕಾಲು ಮನಸ್ಸಿಗಿಂತ ಮುಂಚೆ ಸೋಲುತ್ತದೆ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. 6–7 ನಿಮಿಷ ಆಡಿಸಿ 2 ನಿಮಿಷ ಕೂರಿಸುವಂತೆ ಕೋಚ್ ಹತ್ತಿರ ಮಾತಾಡಿ.

ಆಮೇಲೆ ಅಭ್ಯಾಸ. ಇಬ್ಬರು ಎದುರುಬದುರು ಆಡಲಿ. ಚೆಂಡು ಕಳೆದುಕೊಂಡವನು ಐದು ಎಣಿಸುವವರೆಗೆ ಬೆನ್ನಟ್ಟಲೇಬೇಕು, ಸ್ಟಿಕ್ ನೆಲ ಬಿಡಬಾರದು. ನಂತರ 20 ಸೆಕೆಂಡು ಬಿಡುವು. ಹೀಗೆ 6 ಸಲವಾದರೆ ಒಂದು ಸುತ್ತು. 3 ಸುತ್ತು, ವಾರಕ್ಕೆ 2 ದಿನ ಸಾಕು. ಸ್ಟಿಕ್ ಗಾಳಿಯಲ್ಲಿ ಬೀಸತೊಡಗಿದರೆ ಅಲ್ಲಿಗೇ ನಿಲ್ಲಿಸಿ. ದಣಿದು ಬೀಸುವುದನ್ನೇ ಕೈ ಕಲಿತುಬಿಡುತ್ತದೆ. ಪಂದ್ಯದಲ್ಲಿ ಅದಕ್ಕೆ ಹಸಿರು ಕಾರ್ಡು ಬರಬಹುದು, ಬಂದರೆ 2 ನಿಮಿಷ ಹೊರಗೆ.

ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಮೈದಾನ ಕೆಸರುಗದ್ದೆ. ಕಾಫಿ ಕಣ ಆಗ ಖಾಲಿಯಿರುತ್ತದೆ, ಆದರೆ ಪಾಚಿ ಉಜ್ಜದೆ ಇಳಿಸಬೇಡಿ. ಮಳೆ ಹೊಳವಾಗದಿದ್ದರೆ ಜಗುಲಿಯಲ್ಲಿ ಗೋಡೆಗೆ ಪುಶ್ ಮಾಡಿ ಮರಳಿದ ಚೆಂಡು ತಡೆಯಲಿ, ದಿನಕ್ಕೆ 10 ನಿಮಿಷ. ಗೋಡೆಯ ಸುಣ್ಣ ಹೋಗುತ್ತದೆ, ಅಷ್ಟೇ.

ಪ್ರಶ್ನೆ: ಕ್ರೀಡಾ ವಸತಿ ಶಾಲೆಯ ಆಯ್ಕೆಯಲ್ಲಿ ಮಗಳಿಗೆ ಎರಡನೇ ಸಲವೂ ಸಿಗಲಿಲ್ಲ. ಎಲ್ಲರೂ ಟೆನಿಸ್ ಆಟಗಾರ ಬೋಪಣ್ಣನ ಉದಾಹರಣೆ ಕೊಡುತ್ತಾರೆ. ನನಗೆ ಆಟ ಬಿಡಿಸುವ ಮನಸ್ಸು.
– ಓದುಗರು, ಗೋಣಿಕೊಪ್ಪ

ಉತ್ತರ: ಉದಾಹರಣೆ ಸರಿ, ಅರ್ಧ ಹೇಳುತ್ತಾರೆ. ರೋಹನ್ ಬೋಪಣ್ಣ 2010 ಮತ್ತು 2023ರಲ್ಲಿ ಅಮೆರಿಕನ್ ಓಪನ್ ಪುರುಷರ ಡಬಲ್ಸ್ ಫೈನಲ್ ಸೋತರು. 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಗೆದ್ದರು. ನಡುವೆ ಅವರು ಬರೀ ಕಾಯುತ್ತ ಕೂರಲಿಲ್ಲ: ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೇ ನಿಂತರು, ಮಂಡಿನೋವಿಗೆ ಅಯ್ಯಂಗಾರ್ ಯೋಗ ಹಿಡಿದರು.

ಮಗಳ ವಿಷಯದಲ್ಲೂ ಬದಲಿಸಬೇಕಾದ್ದೇನು ಎಂದು ಹುಡುಕಿ. ಅಂಕ ಎಲ್ಲಿ ಹೋಯಿತೆಂದು ಆಯ್ಕೆಗಾರರನ್ನೇ ಕೇಳಿ. 30 ಮೀಟರ್ ಓಟವೆಂದರೆ, 8 ವಾರ ಅದೊಂದೇ. ಪ್ರತಿ ಭಾನುವಾರ ಅದೇ ಜಾಗ, ಅದೇ ಹೊತ್ತು, ಅದೇ ಶೂ. ಸಮಯ ಪುಸ್ತಕದಲ್ಲಿ ಬರೆಯಲಿ. ಇಳಿಜಾರಿನ ದಾರಿಯಲ್ಲಿ ಅಳೆದರೆ ಸುಳ್ಳು ಸಂತೋಷವಾಗುತ್ತದೆ. ಸಮಯ ಕದಲದಿದ್ದರೆ ಅಭ್ಯಾಸದ ಕ್ರಮ ತಪ್ಪಿದೆ, ಮಗು ಅಲ್ಲ.

ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ಕುಂಟುತ್ತಿದ್ದರೆ ಅದು ಛಲದ ಪ್ರಶ್ನೆಯಲ್ಲ, ಡಾಕ್ಟರ ಪ್ರಶ್ನೆ. ಬೆಳೆಯುವ ಮಕ್ಕಳಲ್ಲಿ ಇದು ಸಾಮಾನ್ಯ. ಇನ್ನು ಬಿಡಿಸುವುದಾದರೆ, ಸೋತ ವಾರ ಬೇಡ. ತಿಂಗಳು ಬಿಡಿ. ರಜೆಯ ದಿನವೂ ತಾನಾಗಿ ಸ್ಟಿಕ್ ಮುಟ್ಟದಿದ್ದರೆ ಬಿಡಲಿ, ತಪ್ಪೇನಿಲ್ಲ.

ಪ್ರಶ್ನೆ: ಆಟದ ಛಲ ಓದಿಗೂ ಬರುತ್ತದೆಯೇ?
– ಓದುಗರು, ಮಡಿಕೇರಿ

ಉತ್ತರ: ತಾನಾಗಿ ಬಾರದು. ಲೆಕ್ಕ ತಪ್ಪಾದಾಗ ಉತ್ತರ ನೋಡುವ ಮೊದಲು ಐದು ನಿಮಿಷ ಮತ್ತೆ ಮಾಡಿಸಿ. ಪರೀಕ್ಷೆಯ ಹಿಂದಿನ ವಾರ ಮಾತ್ರ ಶುರು ಮಾಡಬೇಡಿ.