ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಚೆನ್ನಮ್ಮ’ ಎಂಬ ಹೆಸರು

ಪ್ರಶ್ನೆ: ನಮ್ಮ ಅತ್ತೆಯವರ ಹೆಸರು ಚೆನ್ನಮ್ಮ. ಅವರು ತೀರಿಕೊಂಡ ಮರುವರ್ಷವೇ ಮನೆಯಲ್ಲಿ ಹೆಣ್ಣು ಮೊಮ್ಮಗು ಹುಟ್ಟಿದ್ದರಿಂದ ಅದೇ ಹೆಸರನ್ನು ಇಡಬೇಕೆಂಬುದು ನಮ್ಮ ಯಜಮಾನರ ಆಸೆ. ಮಗ ಮತ್ತು ಸೊಸೆ ಮಾತ್ರ, ಕಿತ್ತೂರು ರಾಣಿಯ ಮೇಲಿನ ಅಭಿಮಾನದಿಂದ ಹಿಂದಿನವರು ಇಡುತ್ತಿದ್ದ ಹೆಸರು ಅದು, ಈಗ ಯಾರೂ ಇಡುವುದಿಲ್ಲ ಎನ್ನುತ್ತಾರೆ. ಈ ಹೆಸರಿನ ಅರ್ಥವೇನು? ರಾಣಿಗಿಂತ ಹಿಂದೆಯೂ ಇದು ಬಳಕೆಯಲ್ಲಿತ್ತೇ?
– ಓದುಗರೊಬ್ಬರು, ಗದಗ

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುವುದಾದರೆ, ಬಳಕೆಯಲ್ಲಿತ್ತು, ಮತ್ತು ಸಾಕಷ್ಟು ವ್ಯಾಪಕವಾಗಿಯೇ ಇತ್ತು. 1778ರಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ ಹುಟ್ಟಿದ ಕಿತ್ತೂರು ರಾಣಿಗೆ ಹೆತ್ತವರು ಇಟ್ಟದ್ದು ಆ ಸೀಮೆಯಲ್ಲಿ ಆಗಲೇ ಪರಿಚಿತವಾಗಿದ್ದ ಹೆಸರನ್ನು. ಆಕೆಗಿಂತ ನೂರು ವರ್ಷ ಹಿಂದೆ ಕೆಳದಿ ಸಂಸ್ಥಾನವನ್ನು ಇನ್ನೊಬ್ಬ ಚೆನ್ನಮ್ಮ ಆಳಿದ್ದಳು. ಪತಿ ಸೋಮಶೇಖರ ನಾಯಕನ ಮರಣಾನಂತರ 1672ರ ಸುಮಾರಿಗೆ ಅಧಿಕಾರ ವಹಿಸಿಕೊಂಡು ಸುಮಾರು ಕಾಲು ಶತಮಾನ ಆಳಿದ ಆಕೆ, ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೋಗುವಾಗ ಆಶ್ರಯ ಕೊಟ್ಟು, ಅದರಿಂದಾಗಿ ಔರಂಗಜೇಬನ ಸೈನ್ಯವನ್ನು ಎದುರಿಸಬೇಕಾಗಿ ಬಂದದ್ದು ಇತಿಹಾಸ ಬಲ್ಲವರಿಗೆಲ್ಲ ತಿಳಿದ ಸಂಗತಿ. ಇನ್ನೂ ಹಿಂದಕ್ಕೆ, 16ನೇ ಶತಮಾನಕ್ಕೆ ಹೋದರೆ, ಗೇರುಸೊಪ್ಪೆಯಲ್ಲಿ ಜೈನ ರಾಣಿ ಚೆನ್ನಭೈರಾದೇವಿ ಇದ್ದಳು; ಕರಾವಳಿಯ ಕಾಳುಮೆಣಸಿನ ವ್ಯಾಪಾರದ ಮೇಲೆ ಆಕೆಗಿದ್ದ ಹಿಡಿತವನ್ನು ಕಂಡು ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು.

ಇನ್ನು ಅರ್ಥ. ‘ಚೆನ್ನ’ ಎಂಬುದು ಸಂಸ್ಕೃತದಿಂದ ಬಂದದ್ದಲ್ಲ, ದ್ರಾವಿಡ ಮೂಲದ ಅಚ್ಚಗನ್ನಡ ಪದ. ಚೆಲುವು, ಸೊಗಸು, ಒಳ್ಳೆಯತನ ಎಂಬ ಮೂರು ಅರ್ಥಗಳೂ ಅದರಲ್ಲಿವೆ. ದಿನಕ್ಕೆ ಹತ್ತಾರು ಬಾರಿ ನಾವಾಡುವ ‘ಚೆನ್ನಾಗಿದೆ’ ಎಂಬ ಮಾತಿನಲ್ಲಿರುವುದೂ ಅದೇ ಪದ. ಅದಕ್ಕೆ ‘ಅಮ್ಮ’ ಸೇರಿದಾಗ ಚೆಲುವೆಯಾದ ತಾಯಿ, ಒಳ್ಳೆಯ ತಾಯಿ ಎಂದಾಗುತ್ತದೆ. ಆದರೆ ಈ ಹೆಸರು ಊರೂರಿಗೂ ಹಬ್ಬಿದ್ದು ಹುಡುಗಿಯ ರೂಪವನ್ನು ಹೊಗಳುವುದಕ್ಕಾಗಿ ಎಂದು ತಿಳಿದರೆ ಅದರ ಹಿಂದಿರುವ ಭಕ್ತಿಯ ನಂಟು ಕೈತಪ್ಪಿ ಹೋಗುತ್ತದೆ. ಕನ್ನಡಿಗರು ತಮ್ಮ ದೇವರನ್ನೇ ಚೆನ್ನನೆಂದು ಕರೆದವರು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಶ್ರೀಶೈಲದ ಮಲ್ಲಿಕಾರ್ಜುನನನ್ನು ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಕೂಗಿದಳು. ಅದೇ ಶತಮಾನದಲ್ಲಿ ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣನವರು ಶರಣರ ತತ್ತ್ವಕ್ಕೆ ಶಾಸ್ತ್ರರೂಪ ಕೊಟ್ಟರು. ಇವರಿಗೆಲ್ಲ ಹಿರಿಯನಾದ ಮಾದಾರ ಚೆನ್ನಯ್ಯನನ್ನು ಬಸವಣ್ಣನವರು ತಮ್ಮ ತಂದೆಯ ಸ್ಥಾನದಲ್ಲಿಟ್ಟು ಹಾಡಿದರು. ಉತ್ತರ ಕರ್ನಾಟಕದ ಲಿಂಗಾಯತ ಮನೆಗಳಲ್ಲಿ ಚೆನ್ನಬಸಪ್ಪ, ಚೆನ್ನವೀರಪ್ಪ, ಚೆನ್ನಮಲ್ಲಪ್ಪರ ಜೊತೆಗೆ ಚೆನ್ನಮ್ಮ, ಚೆನ್ನಬಸಮ್ಮರು ತಲೆಮಾರುಗಳುದ್ದಕ್ಕೂ ಕಾಣಸಿಗುವುದಕ್ಕೆ ಇದು ಬಹುಮಟ್ಟಿಗೆ ಕಾರಣ.

ಹಾಗೆಂದು ಇದನ್ನು ಒಂದೇ ಮತದ ಹೆಸರೆನ್ನಲಾಗದು. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ವಿಜಯನಾರಾಯಣನನ್ನು ಜನ ಇಂದು ಚೆನ್ನಕೇಶವನೆಂದೇ ಪೂಜಿಸುತ್ತಾರೆ. ಅದೇ ಆವರಣದಲ್ಲಿ ರಾಣಿ ಶಾಂತಲೆ ಕಟ್ಟಿಸಿದ ಗುಡಿ ಕಪ್ಪೆ ಚೆನ್ನಿಗರಾಯನದು. ಹಾಸನದ ಸುತ್ತಮುತ್ತ ಹುಟ್ಟಿದ ಚೆನ್ನಮ್ಮನೊಬ್ಬಳು ಈ ಕೇಶವನ ಹೆಸರಿನವಳಾಗಿರಬಹುದು, ಧಾರವಾಡದ ಚೆನ್ನಮ್ಮ ಆ ಮಲ್ಲಿಕಾರ್ಜುನನ ಹೆಸರಿನವಳಾಗಿರಬಹುದು. ಗೇರುಸೊಪ್ಪೆಯ ಜೈನ ರಾಣಿಯನ್ನೂ ತುಳುನಾಡಿನ ಗರಡಿಗಳಲ್ಲಿ ಆರಾಧನೆ ಪಡೆಯುವ ಕೋಟಿ–ಚೆನ್ನಯರನ್ನೂ ಇದರೊಡನೆ ಸೇರಿಸಿಕೊಂಡರೆ, ಇಷ್ಟು ಬಗೆಯ ಜನ ಹಂಚಿಕೊಂಡ ಕನ್ನಡದ ಹೆಸರುಗಳು ಹೆಚ್ಚಿಲ್ಲವೆಂದೇ ನಮಗೆ ತೋರುತ್ತದೆ.

ಕಿತ್ತೂರು ರಾಣಿ ಈ ಹೆಸರನ್ನು ಹುಟ್ಟಿಸಲಿಲ್ಲ; ಅದಕ್ಕೆ ಹೊಸ ತೂಕ ಕೊಟ್ಟಳು. ದತ್ತು ಮಗನ ಉತ್ತರಾಧಿಕಾರವನ್ನು ಕಂಪನಿ ಸರಕಾರ ಒಪ್ಪದಿದ್ದಾಗ 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನು; ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆ ಬಿದ್ದು, ರಾಣಿ ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದು 1829ರಲ್ಲಿ ತೀರಿಕೊಂಡಳು. ಲಾವಣಿ ಮತ್ತು ಗೀಗೀ ಪದಗಳು ಆ ಕಥೆಯನ್ನು ಹಳ್ಳಿಹಳ್ಳಿಗೆ ಒಯ್ದವು. 1961ರಲ್ಲಿ ಬಿ. ಆರ್. ಪಂತುಲು ನಿರ್ದೇಶನದ ಚಿತ್ರದಲ್ಲಿ ಬಿ. ಸರೋಜಾದೇವಿ ರಾಣಿಯಾದ ಮೇಲೆ, ಲಾವಣಿಯ ಪರಿಚಯವಿಲ್ಲದ ಪಟ್ಟಣದವರಿಗೂ ಆ ಹೆಸರಿಗೊಂದು ಮುಖ ಸಿಕ್ಕಿತು. 2007ರಲ್ಲಿ ಸಂಸತ್ತಿನ ಆವರಣದಲ್ಲಿ ಪ್ರತಿಮೆ ನಿಂತಿತು, 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ರಾಣಿಯ ಹೆಸರು ಬಂತು. ರೈಲಿಗೆ, ವಸತಿ ಶಾಲೆಗಳಿಗೆ, ವೃತ್ತಗಳಿಗೆ ಇಟ್ಟದ್ದು ಬೇರೆ.

ಆದರೂ ತಮ್ಮ ಮಗ ಹೇಳುವುದು ಸುಳ್ಳಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದವರ ಬಾಯಲ್ಲಿ ದಿನವೂ ‘ಚನ್ನಮ್ಮ ಸರ್ಕಲ್’ ಕೇಳಿಬರುತ್ತದೆ. ತೊಟ್ಟಿಲ ಬಳಿ ಆ ಹೆಸರು ಕೇಳುವುದು ಅಪರೂಪವಾಗಿದೆ. ‘ಅಮ್ಮ’ ಎಂದು ಕೊನೆಯಾಗುವ ಹೆಸರುಗಳೆಲ್ಲ ಹಿಂದೆ ಸರಿದಿವೆ ಎಂದು ಕಾರಣ ಹೇಳುವುದುಂಟು, ಅದು ಅರ್ಧ ನಿಜ. ಪಾರ್ವತಮ್ಮ ಪಾರ್ವತಿಯಾಗಿ, ಸಾವಿತ್ರಮ್ಮ ಸಾವಿತ್ರಿಯಾಗಿ, ರತ್ನಮ್ಮ ರತ್ನಾ ಆಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿದುಕೊಂಡರು. ಚೆನ್ನಮ್ಮನಿಗೆ ಆ ದಾರಿ ಇರಲಿಲ್ಲ, ಏಕೆಂದರೆ ‘ಅಮ್ಮ’ನನ್ನು ತೆಗೆದರೆ ಉಳಿಯುವ ‘ಚೆನ್ನ’ ಗಂಡಿನ ಹೆಸರಾಗಿಬಿಡುತ್ತದೆ. ಮನೆಯವರು ಪ್ರೀತಿಯಿಂದ ಕೂಗುವ ‘ಚೆನ್ನಿ’ ಎಂಬುದನ್ನು ದಾಖಲೆಗೆ ಏರಿಸಲು ಯಾರೂ ಮನಸ್ಸು ಮಾಡಲಿಲ್ಲ. ದೇವರ ಹೆಸರಿನೊಂದಿಗೆ ಬೆಸೆದುಕೊಂಡಿದ್ದರಿಂದ ಚೆನ್ನಬಸವ, ಚೆನ್ನವೀರ ಮುಂತಾದ ಗಂಡು ಹೆಸರುಗಳು ಇನ್ನೂ ನಡೆಯುತ್ತಿವೆ. ಅದೇ ಪದದಿಂದಾದ ಹೆಣ್ಣು ಹೆಸರು ಮಾತ್ರ ಅಜ್ಜಿಯರ ಪಾಲಿಗೆ ಉಳಿಯಿತು.

ಮೊಮ್ಮಗಳಿಗೆ ಇಡಬೇಕೋ ಬೇಡವೋ ಎಂಬುದು ಮಗುವಿನ ತಾಯಿತಂದೆಯರು ತೀರ್ಮಾನಿಸಬೇಕಾದದ್ದು. ತೊಟ್ಟಿಲಿಗೆ ಹಾಕುವ ದಿನ ಹಿರಿಯರ ಹೆಸರನ್ನು ಕಿವಿಯಲ್ಲಿ ಹೇಳಿ, ಶಾಲೆಗೆ ಬೇರೆ ಹೆಸರು ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಒಪ್ಪಂದಕ್ಕೆ ಅದು ಸಾಕಾಗಬಹುದು. ತರಗತಿಯಲ್ಲಿ ಒಬ್ಬಳೇ ಚೆನ್ನಮ್ಮ ಇದ್ದರೆ ಆಕೆಯನ್ನು ಯಾರೂ ಇನ್ನೊಬ್ಬಳೆಂದು ತಪ್ಪು ತಿಳಿಯುವುದಿಲ್ಲ ಎಂಬುದನ್ನೂ ತಮ್ಮ ಸೊಸೆಯವರ ಗಮನಕ್ಕೆ ತರಬಹುದು.

ಪ್ರಶ್ನೆ: ಚೆನ್ನೈ ನಗರದ ಹೆಸರಿಗೂ ‘ಚೆನ್ನ’ ಪದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ಕೋಲಾರ

ಉತ್ತರ: ಇದೆ ಎನ್ನುವುದೇ ಪ್ರಚಲಿತ ವಿವರಣೆ. 1639ರಲ್ಲಿ ಇಂಗ್ಲಿಷ್ ಕಂಪನಿಗೆ ಜಾಗ ಬಿಟ್ಟುಕೊಟ್ಟ ತೆಲುಗು ನಾಯಕ ದಾಮರ್ಲ ವೆಂಕಟಾದ್ರಿಯ ತಂದೆ ಚೆನ್ನಪ್ಪ ನಾಯಕನಿಂದ ಚೆನ್ನಪಟ್ಟಣ ಎಂಬ ಹೆಸರು ಬಂತೆಂದು ಹೆಚ್ಚಿನವರು ಹೇಳಿದರೆ, ಅಲ್ಲಿನ ಚೆನ್ನಕೇಶವ ಪೆರುಮಾಳ್ ದೇವಸ್ಥಾನದಿಂದ ಬಂತೆಂಬ ವಾದವೂ ಇದೆ. ಎರಡರಲ್ಲೂ ಪದ ಅದೇ. ತೆಲುಗಿನಲ್ಲಿ ‘ಚೆನ್ನು’ ಎಂದರೆ ಸೊಗಸು.

ಪ್ರಶ್ನೆ: ನಮ್ಮ ತಾಯಿಯ ಹೆಸರು ಒಂದು ಕಾಗದದಲ್ಲಿ ಚನ್ನವ್ವ, ಇನ್ನೊಂದರಲ್ಲಿ ಚೆನ್ನಮ್ಮ ಎಂದಿದೆ. ಯಾವುದು ಸರಿ? ಮಗಳಿಗೂ ಅದೇ ಹೆಸರಿಡುವವರಿದ್ದು, ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ.
– ಓದುಗರೊಬ್ಬರು, ವಿಜಯಪುರ

ಉತ್ತರ: ಎರಡೂ ಸರಿ. ‘ಅವ್ವ’ ಎಂಬುದು ‘ಅಮ್ಮ’ನ ಅಪಭ್ರಂಶವಲ್ಲ, 10ನೇ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ, ಶಾಂತಲೆಯ ತಾಯಿ ಮಾಚಿಕಬ್ಬೆ ಇವರ ಹೆಸರಿನಲ್ಲಿರುವ ‘ಅಬ್ಬೆ’ಯ ಸಾಲಿಗೆ ಸೇರಿದ್ದು. ಹಳೆಯ ಮೈಸೂರಿನ ಕಡೆ ಅಮ್ಮ, ತಮ್ಮ ಸೀಮೆಯಲ್ಲಿ ಅವ್ವ ಹೆಚ್ಚು, ಅಷ್ಟೇ. ‘ಚ’ ಮತ್ತು ‘ಚೆ’ಗಳ ವಿಷಯದಲ್ಲಿಯೂ ಜಗಳ ಬೇಡ: ನಿಘಂಟುಗಳು ‘ಚೆನ್ನ’ವನ್ನು ಮುಂದಿಡುತ್ತವೆ, ಬೆಳಗಾವಿಯ ವಿಶ್ವವಿದ್ಯಾಲಯ ತನ್ನನ್ನು ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಎಂದು ಬರೆದುಕೊಳ್ಳುತ್ತದೆ. ಕಚೇರಿಗಳಿಗೆ ಬೇಕಾದದ್ದು ಎಲ್ಲ ಕಾಗದಗಳಲ್ಲಿ ಒಂದೇ ರೂಪ. ಆದ್ದರಿಂದ ಮಗಳ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿಯೂ ಹೇಗೆ ಬರೆಯಬೇಕೆಂದು ಮೊದಲೇ ನಿಶ್ಚಯಿಸಿಕೊಂಡು ನೋಂದಣಾಧಿಕಾರಿಗೆ ಅರ್ಜಿ ಕೊಡಿ. ಜನನ ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆ ಬಳಿಕ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು.