‘ಬರೆದುಕೊಟ್ಟುಬಿಟ್ಟಿದ್ದೀನಿ ಮೇಡಂ, ಇನ್ನೇನೂ ಮಾಡೋಕಾಗಲ್ಲ ಅಲ್ವಾ?’

ಈ ಹುಡುಗಿಯ ಹೆಸರು ಚೈತ್ರಾ ಅಂತಿಟ್ಟುಕೊಳ್ಳಿ. ಹೆಸರು, ಊರು, ಓದು, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಲು ಕೊಟ್ಟೆ. ಅವಳು ಬೇಡ ಅಂದ ಕಡೆ ಅಳಿಸಿದ್ದೇನೆ. ಲೈಂಗಿಕ ಕಿರುಕುಳದ ವಿಚಾರಣೆಯ ವಿವರ ಹೊರಗೆ ಬಿಡಬಾರದು ಅಂತ ಕಾನೂನಿದೆ. ಗುರುತು ಸಿಗದ ಹಾಗೆ, ನ್ಯಾಯ ಹೇಗೆ ಸಿಕ್ಕಿತು ಅಂತ ಹೇಳಬಹುದು ಎಂದೂ ಅದೇ ಕಾನೂನು ಹೇಳುತ್ತದೆ. ಕಾಲೇಜಿನವರಿಗೆ ಮೊದಲನೆಯ ಮಾತು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಚೈತ್ರಾಳಿಗೆ 19 ವರ್ಷ. ಎರಡನೇ ವರ್ಷದ ಬಿಕಾಂ, ಹಾಸ್ಟೆಲ್ ವಾಸ. ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದವರು ಅವಳ ಚಿಕ್ಕಮ್ಮ. ‘ಊಟ ಬಿಟ್ಟಿದ್ದಾಳೆ, ರಾತ್ರಿಯೆಲ್ಲ ಎದ್ದು ಕೂತಿರ್ತಾಳೆ, ಕಾಲೇಜೇ ಬೇಡ ಅಂತಾಳೆ’ ಎಂದರು. ಚಿಕ್ಕಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ಹುಡುಗಿಯರು ಬಾಯಿ ಬಿಡುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ. ಆದರೆ ನಿನಗೆ 18 ತುಂಬಿಲ್ಲದಿದ್ದರೆ ಪೋಕ್ಸೋ ಕಾಯ್ದೆ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು. ಪಿಯು ಮಕ್ಕಳಂತೂ ಸರಿ, ಡಿಗ್ರಿ ಮೊದಲ ವರ್ಷದಲ್ಲೂ 17ರ ಮಕ್ಕಳು ಇರುತ್ತಾರೆ. ಎಲ್ಲ ಹೇಳಿಸಿಕೊಂಡು ಕೊನೆಗೆ ಈ ಮಾತು ಹೇಳಿದರೆ ಅದು ಮೋಸ. ಚೈತ್ರಾಳ ವಿಷಯದಲ್ಲಿ ಆ ಪ್ರಶ್ನೆ ಬರಲಿಲ್ಲ.

ನಡೆದದ್ದು ಇಷ್ಟು. ಕಾಲೇಜು ಉತ್ಸವದ ತಯಾರಿ. ಅಲಂಕಾರದ ಸಾಮಾನು ಇಡುವ ಕೋಣೆ. ಸಾಂಸ್ಕೃತಿಕ ಕಾರ್ಯದರ್ಶಿಯಾಗಿದ್ದ ಕೊನೆಯ ವರ್ಷದ ಹುಡುಗ ಬಾಗಿಲು ಹಾಕಿಕೊಂಡು ಅವಳ ಮೇಲೆ ಬಲವಂತ ಮಾಡಿದ. ಹೊರಗೆ ಯಾರೋ ಬಾಗಿಲು ಬಡಿದರು, ಅವನು ಬಿಟ್ಟ. ಇದಕ್ಕಿಂತ ಹೆಚ್ಚಿನ ವಿವರ ಇಲ್ಲಿ ಬೇಡ.

ನನ್ನ ಬಳಿ ಬರುವ ಹೊತ್ತಿಗೆ ಒಂದೂವರೆ ತಿಂಗಳಾಗಿತ್ತು. ಆ ಅವಧಿಯಲ್ಲಿ ಕಾಲೇಜು ಸುಮ್ಮನಿತ್ತು ಅಂತ ಅಂದುಕೊಳ್ಳಬೇಡಿ. ಬಹಳ ಚುರುಕಾಗಿ ಕೆಲಸ ಮಾಡಿತ್ತು. ಮಾರನೇ ಬೆಳಿಗ್ಗೆ ಅವಳು ತನ್ನ ಮೆಂಟರ್ ಮೇಡಂಗೆ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು ವಿಭಾಗದ ಮುಖ್ಯಸ್ಥೆಯ ಬಳಿ ಕರೆದೊಯ್ದರು. ಅಲ್ಲಿಂದ ಪ್ರಿನ್ಸಿಪಾಲರ ಚೇಂಬರ್. ಸಂಜೆಯೊಳಗೆ ಆ ಹುಡುಗನೂ ಅಲ್ಲೇ, ಎದುರು ಕುರ್ಚಿಯಲ್ಲಿ. ಅವನಿಂದ ಒಂದು ಕ್ಷಮಾಪಣೆ ಪತ್ರ ಬರೆಸಿಕೊಂಡರು. ಆಮೇಲೆ ಹಾಳೆ ಅವಳ ಮುಂದೆ ಬಂತು. ‘ಈ ವಿಷಯ ಇಬ್ಬರ ಒಪ್ಪಿಗೆಯಿಂದ ಮುಗಿದಿದೆ, ಮುಂದೆ ಯಾವ ದೂರನ್ನೂ ಕೊಡುವುದಿಲ್ಲ.’ ಅವರು ಹೇಳುತ್ತಾ ಹೋದರು, ಇವಳು ಬರೆದಳು.

ಯಾರೂ ಗದರಿಸಲಿಲ್ಲ. ಎಲ್ಲರೂ ‘ಅಮ್ಮಾ’ ಅಂತಲೇ ಮಾತಾಡಿಸಿದರು. ‘ಮುಂದಿನ ತಿಂಗಳು ಕಾಲೇಜಿನ ಗುಣಮಟ್ಟ ನೋಡೋ ನ್ಯಾಕ್‌ನವರು ಬರ್ತಾರೆ ಕಣಮ್ಮ. ಮನೇಲಿ ಗೊತ್ತಾದ್ರೆ ನಿನ್ನ ಓದು ನಿಲ್ಲಿಸ್ತಾರೆ, ನೀನೇ ಯೋಚನೆ ಮಾಡು.’ ಗದರಿಸಿದ್ದರೆ ಅವಳು ಬಹುಶಃ ಎದ್ದು ಬರುತ್ತಿದ್ದಳು. ಇಷ್ಟು ಮೆತ್ತಗೆ ಮಾತಾಡುವ ಹಿರಿಯರ ಮುಂದೆ ಎದ್ದು ಬರುವುದು ನಮ್ಮ ಮಕ್ಕಳಿಗೆ ಸುಲಭ ಅಲ್ಲ.

ಉತ್ಸವ ನಡೆಯಿತು. ಅವನು ಮೈಕ್ ಹಿಡಿದು ವೇದಿಕೆ ಮೇಲಿದ್ದ. ಇವಳಿಗೆ ವಾರ್ಡನ್ ಸಂಜೆ ಆರರ ಮೇಲೆ ಹೊರಗೆ ಹೋಗಬೇಡ ಅಂದರು, ‘ನಿನ್ನ ಒಳ್ಳೇದಕ್ಕೇ’.

ಮೊದಲ ಭೇಟಿಗಳಲ್ಲಿ ನಾನು ಕಾನೂನಿನ ಮಾತೇ ಎತ್ತಲಿಲ್ಲ. ನಿದ್ದೆಯಿಲ್ಲದ ತಲೆಗೆ ಕಾನೂನು ಹತ್ತುವುದಿಲ್ಲ. ನಡೆದದ್ದನ್ನು ಮತ್ತೆ ಮತ್ತೆ ಹೇಳಿಸಲೂ ಇಲ್ಲ. ಅವಳನ್ನು ಜಾಸ್ತಿ ಕೊರೆಯುತ್ತಿದ್ದದ್ದು ಆ ಕೋಣೆಗಿಂತ ಒಂದು ಪ್ರಶ್ನೆ: ‘ನಾನು ಯಾಕೆ ಕಿರುಚಲಿಲ್ಲ?’ ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ದೊಡ್ಡ ಭಯ ಬಂದಾಗ ದೇಹ ಓಡಬಹುದು, ತಿರುಗಿ ಬೀಳಬಹುದು, ಇಲ್ಲವೇ ಕೈಕಾಲು ಆಡದೆ ನಿಂತುಬಿಡಬಹುದು. ಯಾವುದು ಆಗಬೇಕು ಅಂತ ಆ ಹೊತ್ತಿನಲ್ಲಿ ಯಾರೂ ಕೂತು ಆರಿಸುವುದಿಲ್ಲ. ಮರಗಟ್ಟಿ ನಿಂತದ್ದು ಒಪ್ಪಿಗೆ ಅಲ್ಲ, ಹೇಡಿತನವೂ ಅಲ್ಲ.

ಕಾಲೇಜು ಬಿಡುವ ಮಾತಿಗೆ ‘ಬಿಡಬೇಡ’ ಅನ್ನಲಿಲ್ಲ. ‘ಈ ತಿಂಗಳು ತೀರ್ಮಾನ ಮಾಡಬೇಡ’ ಅಂದೆ. ಸದ್ಯಕ್ಕೆ ಮಲಗುವ ಹೊತ್ತು, ಊಟ, ಎದೆ ಹೊಡೆದುಕೊಂಡಾಗ ಉಸಿರನ್ನು ನಿಧಾನ ಮಾಡುವುದು, ರಾತ್ರಿ ಹೆದರಿಕೆಯಾದರೆ ಎಬ್ಬಿಸಲು ಒಬ್ಬ ರೂಮ್‌ಮೇಟ್. ಹೊತ್ತಲ್ಲದ ಹೊತ್ತಿನಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡು ಎಂದೂ ಬರೆದುಕೊಟ್ಟೆ.

ಸ್ವಲ್ಪ ನಿದ್ದೆ ಬರತೊಡಗಿದ ಮೇಲೆ ಅವಳೇ ಕೇಳಿದಳು. ‘ಬರೆದುಕೊಟ್ಟುಬಿಟ್ಟಿದ್ದೀನಿ ಮೇಡಂ, ಇನ್ನೇನೂ ಮಾಡೋಕಾಗಲ್ಲ ಅಲ್ವಾ?’

ಮಾಡಬಹುದು. ಕಾಲೇಜಿನಲ್ಲಿ ಇಂಥ ದೂರನ್ನು ನೋಡಬೇಕಾದದ್ದು ಪ್ರಿನ್ಸಿಪಾಲರ ಚೇಂಬರ್ ಅಲ್ಲ, ಆಂತರಿಕ ದೂರು ಸಮಿತಿ. ಐಸಿಸಿ ಅಂತಾರಲ್ಲ, ಅದು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆ ಇದೆ. ಕಾಲೇಜುಗಳಿಗೇ ಅಂತ ವಿಶ್ವವಿದ್ಯಾಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2015ರ ನಿಯಮಗಳಿವೆ, 2016ರ ಮೇನಲ್ಲಿ ಜಾರಿಗೆ ಬಂದವು. ರಾಜಿ ಅನ್ನುವುದೂ ಆ ನಿಯಮಗಳಲ್ಲಿದೆ. ಆದರೆ ಅದನ್ನು ಕೇಳಬೇಕಾದವಳು ನೊಂದವಳು, ನಡೆಸಬೇಕಾದದ್ದು ಸಮಿತಿ. ಚೈತ್ರಾ ರಾಜಿ ಕೇಳಿರಲಿಲ್ಲ. ಸಮಿತಿಗೆ ವಿಷಯವೇ ಹೋಗಿರಲಿಲ್ಲ. ಹಾಗಾಗಿ ಆ ಹಾಳೆಗೆ ಹೆದರಬೇಕಾದವರು ಅದನ್ನು ಬರೆಸಿಕೊಂಡವರು.

ಒಂದು ಗಡುವು ಮಾತ್ರ ನಿಜಕ್ಕೂ ಇತ್ತು. ಘಟನೆ ನಡೆದ ಮೂರು ತಿಂಗಳೊಳಗೆ ಸಮಿತಿಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ‘ನೋಡೋಣ, ಪರೀಕ್ಷೆ ಮುಗೀಲಿ, ನ್ಯಾಕ್ ಮುಗೀಲಿ’ ಅಂತ ಕಾಲೇಜಿನವರು ಹೇಳುವಾಗ ಈ ಲೆಕ್ಕ ಓಡುತ್ತಿರುತ್ತದೆ.

ದೂರು ಕೊಡು ಅಂತ ನಾನು ಹೇಳಲಿಲ್ಲ. ದಾರಿಗಳನ್ನು ಹೇಳಿದೆ. ಏನೂ ಮಾಡದೆ ಇರುವುದೂ ಅದರಲ್ಲಿ ಒಂದು. ಒಬ್ಬರ ಬಲವಂತದಿಂದ ಬಂದವಳಿಗೆ ಇನ್ನೊಬ್ಬರ ಬಲವಂತ, ಅದು ಒಳ್ಳೆಯದಕ್ಕೇ ಆಗಿದ್ದರೂ, ಬೇಕಿಲ್ಲ. ಅವಳು ವಾರ ತೆಗೆದುಕೊಂಡಳು. ‘ಕೊಡ್ತೀನಿ’ ಅಂದಳು.

ಮೊದಲು ಇಂಟರ್‌ನೆಟ್‌ನಲ್ಲಿ ಸಿಕ್ಕ ಇಂಗ್ಲಿಷ್ ನಮೂನೆ ನೋಡಿ ಬರೆದು ತಂದಿದ್ದಳು. ಕಾನೂನಿನ ಪದಗಳೇ ತುಂಬಿದ್ದವು, ಅವಳೇ ಇರಲಿಲ್ಲ. ಕನ್ನಡದಲ್ಲಿ ಬರೆ ಅಂದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು, ಏನು ಮಾಡಿದರು, ಆಮೇಲೆ ನೀನು ಯಾರಿಗೆ ಹೇಳಿದೆ, ಅವರು ಏನಂದರು. ಆ ಪತ್ರ ಹೇಗೆ ಬರೆಸಿಕೊಂಡರು ಅನ್ನುವುದನ್ನೂ ಬಿಡದೆ ಸೇರಿಸು. ನೆನಪಿಲ್ಲದ್ದನ್ನು ‘ನೆನಪಿಲ್ಲ’ ಅಂತಲೇ ಬರೆ.

ಘಟನೆ ನಡೆದ ರಾತ್ರಿ ಆ ಹುಡುಗ ವಾಟ್ಸಾಪ್‌ನಲ್ಲಿ ಸಾರಿ ಕೇಳಿದ್ದ. ‘ಅದನ್ನ ನೋಡ್ತಾ ಕೂರ್ಬೇಡ, ಡಿಲೀಟ್ ಮಾಡು’ ಅಂತ ಗೆಳತಿ ಹೇಳಿದ್ದಳು. ಪುಣ್ಯಕ್ಕೆ ಮಾಡಿರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಚಿಕ್ಕಮ್ಮನ ಫೋನಿಗೂ ಕಳಿಸು, ಮೂಲ ಮೆಸೇಜ್ ಹಾಗೇ ಇರಲಿ ಅಂದೆ. ಸಿಸಿ ಕ್ಯಾಮೆರಾದ ದೃಶ್ಯ ಆಗಲೇ ಅಳಿಸಿಹೋಗಿತ್ತು. ಅಲ್ಲಿ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಅದಕ್ಕೇ ದೂರಿನ ತೀರ್ಮಾನಕ್ಕೆ ಕಾಯದೆ, ಮೊದಲ ದಿನವೇ ‘ದೃಶ್ಯ ತೆಗೆದಿಡಿ’ ಅಂತ ಒಂದು ಸಾಲು ಬರೆದು ಕೊಡುವುದು ಒಳ್ಳೆಯದು. ಸಾಮಾನು ಕೋಣೆಯ ಬೀಗದ ಕೈ ಯಾರು ತೆಗೆದುಕೊಂಡರು ಅನ್ನುವ ರಿಜಿಸ್ಟರ್ ಮಾತ್ರ ಉಳಿದಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಅದೇ.

ಆಫೀಸಿನಲ್ಲಿ ದೂರು ಪಡೆದ ಮುದ್ರೆ ಹಾಕಲು ಒಪ್ಪಲಿಲ್ಲ. ‘ಪ್ರಿನ್ಸಿಪಾಲರನ್ನ ಕೇಳಿ ಬಾಮ್ಮ.’ ಅವಳು ರಿಜಿಸ್ಟರ್ಡ್ ಪೋಸ್ಟ್ ಮಾಡಿದಳು, ಸಮಿತಿಯ ಇಮೇಲಿಗೂ, ಹೊರಗಿನ ಸದಸ್ಯೆಗೂ ಕಳಿಸಿದಳು. ಸಮಿತಿಯಲ್ಲಿ ಹೊರಗಿನವರು ಒಬ್ಬರು ಇರಲೇಬೇಕು ಅನ್ನುವ ನಿಯಮದ ಬೆಲೆ ಗೊತ್ತಾಗುವುದು ಇಂಥ ಹೊತ್ತಿನಲ್ಲಿ.

ಇನ್ನೊಂದು ತೊಡಕು. ಸಮಿತಿಯ ಅಧ್ಯಕ್ಷೆ ಯಾರು ಅಂತ ನೋಡಿದರೆ ಅದೇ ವಿಭಾಗದ ಮುಖ್ಯಸ್ಥೆ, ಆವತ್ತು ಚೇಂಬರ್‌ನಲ್ಲಿದ್ದವರು. ಯುಜಿಸಿ ನಿಯಮದಂತೆ ವಿಭಾಗದ ಮುಖ್ಯಸ್ಥರು, ಡೀನ್, ರಿಜಿಸ್ಟ್ರಾರ್‌ನಂಥ ಆಡಳಿತದ ಹುದ್ದೆಯವರು ಈ ಸಮಿತಿಯಲ್ಲಿ ಇರುವಂತೆಯೇ ಇಲ್ಲ. ವಿದ್ಯಾರ್ಥಿಗಳ ವಿಷಯ ಬಂದಾಗ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಸೇರಬೇಕು, ಅವರೂ ಚುನಾಯಿತರು. ಇಲ್ಲಿ ಪಟ್ಟಿಯಲ್ಲಿದ್ದ ವಿದ್ಯಾರ್ಥಿನಿ ಓದು ಮುಗಿಸಿ ಹೋಗಿ ಎಷ್ಟೋ ಕಾಲವಾಗಿತ್ತು. ಗೋಡೆಯ ಮೇಲಿನ ಫಲಕಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೆ. ಚೈತ್ರಾ ಇದೆಲ್ಲವನ್ನೂ ಬರೆದು ಆಕ್ಷೇಪಿಸಿದಳು. ಹೊರಗಿನ ಸದಸ್ಯೆ ವಕೀಲೆ. ಅವರು ಹಟ ಹಿಡಿದ ಮೇಲೆ ಸಮಿತಿ ಹೊಸದಾಗಿ ರಚನೆಯಾಯಿತು.

ವಿಚಾರಣೆ ಮುಗಿಯುವವರೆಗೆ ಏನು ಕೇಳಬಹುದು ಅಂತ ಗೊತ್ತಿರುವವರು ಕಡಿಮೆ. ಅವನು ದೂರ ಇರಬೇಕು ಅಂತ ಕಟ್ಟುನಿಟ್ಟು ಮಾಡಿಸಬಹುದು. ವಿಭಾಗ ಅಥವಾ ಸೆಕ್ಷನ್ ಬದಲಾವಣೆ ಕೇಳಬಹುದು. ಹಾಜರಿಗೆ ತೊಂದರೆಯಾಗದಂತೆ ಮೂರು ತಿಂಗಳವರೆಗೆ ರಜೆ ಕೇಳಬಹುದು. ಆರೋಪಿ ಅಧ್ಯಾಪಕರಾಗಿದ್ದರೆ ಅವರು ಇವಳ ಪತ್ರಿಕೆ ತಿದ್ದದಂತೆ ನೋಡಿಕೊಳ್ಳಲು ಕೇಳಬಹುದು. ಅವಳು ಎರಡೇ ಕೇಳಿದಳು. ಅವನು ಹಾಸ್ಟೆಲ್, ಸಭಾಂಗಣದ ಕಡೆ ಬರಬಾರದು. ತನ್ನನ್ನು ಅವನ ಎದುರು ಕೂರಿಸಬಾರದು, ಅವನ ಪ್ರಶ್ನೆಗಳನ್ನು ಸಮಿತಿ ಬರಹದಲ್ಲಿ ಕಳಿಸಬೇಕು. ಎರಡಕ್ಕೂ ಒಪ್ಪಿದರು.

ಸಮಿತಿ ಅವನಿಗೆ ದೂರಿನ ಪ್ರತಿ ಕೊಟ್ಟಾಗ, ಉತ್ತರಕ್ಕೆ ಸಮಯ ಕೊಟ್ಟಾಗ ಅವಳಿಗೆ ಸಿಟ್ಟು ಬಂತು. ‘ಅವನಿಗೆ ಯಾಕೆ ಇಷ್ಟು ಉಪಚಾರ?’ ಗೋವಾ ವಿಶ್ವವಿದ್ಯಾಲಯದ ಪ್ರಕರಣ ಹೇಳಿದೆ. ಅಲ್ಲಿ 2009ರಲ್ಲಿ ಸಮಿತಿ ಅವಸರದಲ್ಲಿ ವಿಚಾರಣೆ ಮುಗಿಸಿತು, ಅಧ್ಯಾಪಕನನ್ನು ಕೆಲಸದಿಂದ ತೆಗೆದರು. ತನ್ನ ಮಾತು ಹೇಳಲು ಅವನಿಗೆ ಸರಿಯಾದ ಅವಕಾಶ ಸಿಗಲಿಲ್ಲ ಅಂತ 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ, ವಿಚಾರಣೆ ಮತ್ತೆ ನಡೆಸಿ ಅಂದಿತು. ಅಷ್ಟು ವರ್ಷ ಆದ ಮೇಲೆ ದೂರು ಕೊಟ್ಟವರು ಮತ್ತೆ ಮೊದಲಿನಿಂದ ಹೇಳಬೇಕು. ಆ ಹಿಂಸೆ ನಿನಗೆ ಬೇಡ ಅಂದೆ. ಅರ್ಥವಾಯಿತು. ಸಿಟ್ಟು ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ.

‘ಸಾಬೀತಾಗದಿದ್ದರೆ ಸುಳ್ಳು ದೂರು ಅಂತ ನನಗೇ ಶಿಕ್ಷೆ ಕೊಡ್ತಾರಂತೆ’ ಅಂತ ಕ್ಲಾಸಿನಲ್ಲಿ ಯಾರೋ ಹೆದರಿಸಿದ್ದರು. ಸಾಕ್ಷ್ಯ ಸಾಲದೆ ಹೋದದ್ದೇ ಸುಳ್ಳು ದೂರು ಆಗುವುದಿಲ್ಲ. ಬೇಕೆಂದೇ ಕೆಡುಕು ಮಾಡಲು ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಬೇರೆಯಾಗಿ ಗೊತ್ತಾಗಬೇಕು.

ಇನ್ನು ಪೊಲೀಸ್. ಕಾಲೇಜಿನ ವಿಚಾರಣೆ ಬೇರೆ, ಅಪರಾಧದ ಕೇಸು ಬೇರೆ. ಒಂದು ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. ಎರಡೂ ಒಟ್ಟಿಗೆ ನಡೆಯಬಹುದು. ಮೈಮೇಲೆ ಕೈ ಹಾಕಿದ್ದು ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ, ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಜೈಲು. ಐಸಿಸಿಯ ಮೂರು ತಿಂಗಳ ಗಡುವು ಪೊಲೀಸ್ ದೂರಿಗೆ ಇಲ್ಲ. ಯಾವ ಠಾಣೆಯಲ್ಲಾದರೂ ಕೊಡಬಹುದು, ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಚೈತ್ರಾ ‘ಈಗ ಬೇಡ’ ಅಂದಳು.

ಓದುತ್ತಿರುವವರಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಒಂದು ಮಾತು. ಅತ್ಯಾಚಾರ ಆಗಿದ್ದರೆ ಸಮಿತಿ, ಪತ್ರ ಎಲ್ಲ ಆಮೇಲೆ. ಮೊದಲು ಆಸ್ಪತ್ರೆ. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಸರ್ಕಾರಿ ಇರಲಿ ಖಾಸಗಿ ಇರಲಿ, ಚಿಕಿತ್ಸೆ ಉಚಿತವಾಗಿ ಕೊಡಲೇಬೇಕು. ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋದರೆ ಸಾಕ್ಷ್ಯ ಉಳಿಯುತ್ತದೆ. ಸ್ನಾನ ಮಾಡಿಬಿಟ್ಟಿದ್ದರೂ ಹೋಗಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ, ನೊಂದ ಮಹಿಳೆಯರಿಗೆ ನೆರವು ಕೊಡುವ ಸಖಿ ಕೇಂದ್ರ ಹತ್ತಿರದಲ್ಲಿ ಎಲ್ಲಿದೆ ಅಂತ ತಿಳಿಸುತ್ತಾರೆ, ತುರ್ತಿದ್ದರೆ 112.

ಅಮ್ಮನಿಗೆ ಹೇಳಿದ್ದು ಚಿಕ್ಕಮ್ಮ. ಅಮ್ಮನ ಮೊದಲ ಮಾತು, ‘ಆ ರೂಮಿಗೆ ನೀನ್ಯಾಕೆ ಹೋದೆ?’ ಚೈತ್ರಾ ಎರಡು ವಾರ ಅವರ ಫೋನ್ ತೆಗೆಯಲಿಲ್ಲ. ನಾನು ಅಮ್ಮನನ್ನು ಒಬ್ಬರನ್ನೇ ಕರೆಸಿ ಮಾತಾಡಿದೆ. ಅವರಿಗೂ ಭಯ, ನಾಚಿಕೆ, ಊರವರ ಬಾಯಿ. ಅವರಿಗೆ ಹೇಳಿದ್ದು ಇಷ್ಟೇ: ಅವಳ ಓದು ನಿಲ್ಲುವುದಿಲ್ಲ ಅಂತ ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಕೇಳಿ. ಮುಂದಿನ ಸಲ ಅವರು ಮಗಳ ಜೊತೆ ಬಂದರು. ‘ಅವರಪ್ಪನಿಗೆ ನಾನು ಹೇಳ್ತೀನಿ. ಈಗಲ್ಲ’ ಅಂದರು.

ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಇಲ್ಲಿ ಪರೀಕ್ಷೆಯ ನೆಪದಲ್ಲಿ ಸ್ವಲ್ಪ ಮೀರಿತು. ದೂರು ನಿಜ ಅಂತ ವರದಿ ಬಂತು. ಅವನಿಗೆ ಒಂದು ಸೆಮಿಸ್ಟರ್ ಅಮಾನತು, ಕಡ್ಡಾಯ ಆಪ್ತಸಲಹೆ. ಪತ್ರ ಬರೆಸಿಕೊಂಡವರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ದೊಡ್ಡ ಕೊರತೆ ಅದು. ಹುಡುಗ ಕೋಣೆಯಲ್ಲಿ ಮಾಡಿದ್ದಕ್ಕೆ ಶಿಕ್ಷೆಯಾಯಿತು. ಚೇಂಬರ್‌ನಲ್ಲಿ ನಡೆದದ್ದು ನಡೆದೇ ಇಲ್ಲ ಅನ್ನುವಂತಾಯಿತು.

ಕೆಲವು ದಿನಗಳ ನಂತರ ಕಾಲೇಜಿನಿಂದ ನನಗೆ ಕರೆ ಬಂತು. ಹೊಸ ವಿದ್ಯಾರ್ಥಿಗಳಿಗೆ ಒಂದು ಉಪನ್ಯಾಸ ಕೊಡಬೇಕಂತೆ. ಮಾತಿನ ನಡುವೆ ಪ್ರಿನ್ಸಿಪಾಲರು ಬೇಸರದಲ್ಲಿ ಹೇಳಿದರು, ‘ಇಷ್ಟು ವರ್ಷ ನಮ್ಮ ವರದಿಯಲ್ಲಿ ಸೊನ್ನೆ ಇತ್ತು ಮೇಡಂ. ಈ ವರ್ಷ ಒಂದು ಅಂತ ಬರೀಬೇಕಲ್ಲ.’ ಎಷ್ಟು ದೂರು ಬಂದವು, ಏನಾದವು ಅಂತ ಕಾಲೇಜುಗಳು ವರ್ಷಕ್ಕೊಮ್ಮೆ ಯುಜಿಸಿಗೆ ಲೆಕ್ಕ ಕೊಡಬೇಕು. ಸೊನ್ನೆ ಬರೆದವರನ್ನು ಯಾರೂ ಏನೂ ಕೇಳುವುದಿಲ್ಲ, ಒಂದು ಬರೆದವರಿಗೆ ಮುಜುಗರ. ಅಮೆರಿಕದಲ್ಲಿ 1990ರಿಂದ ಕ್ಲೆರಿ ಕಾಯ್ದೆ ಅಂತ ಇದೆ. ಕ್ಯಾಂಪಸ್ಸಿನ ಅಪರಾಧಗಳ ಲೆಕ್ಕವನ್ನು ಕಾಲೇಜು ಪ್ರತಿ ವರ್ಷ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ಮುಚ್ಚಿಟ್ಟರೆ ದಂಡ. ಅಲ್ಲೂ ಸೊನ್ನೆ ಬರೆಯುವ ಕಾಲೇಜುಗಳಿಗೆ ಕೊರತೆಯಿಲ್ಲ.

ಸಾವಿರಾರು ಮಕ್ಕಳಿರುವ ಕಡೆ ಸೊನ್ನೆ ಅಂದರೆ ದೂರು ಕೊಡುವ ದಾರಿ ಮುಚ್ಚಿದೆ ಅಂತಲೇ ನಾನು ಓದುತ್ತೇನೆ. ಅವರಿಗೂ ಅದನ್ನೇ ಹೇಳಿದೆ. ಉಪನ್ಯಾಸಕ್ಕೆ ಒಪ್ಪಿಕೊಂಡೆ, ಒಂದು ಷರತ್ತಿನ ಮೇಲೆ: ಮೊದಲ ಉಪನ್ಯಾಸ ಅಧ್ಯಾಪಕರಿಗೆ, ವಾರ್ಡನ್‌ಗಳಿಗೆ, ಆಫೀಸಿನವರಿಗೆ. ದೂರು ಬಂದಾಗ ಏನು ಮಾಡಬೇಕು, ಏನನ್ನು ಬರೆಸಿಕೊಳ್ಳಬಾರದು ಅನ್ನುವುದೇ ವಿಷಯ. ದಿನಾಂಕ ಇನ್ನೂ ಹೇಳಿಲ್ಲ.

ಹುಡುಗ 30 ದಿನಗಳ ಒಳಗೆ ಮೇಲ್ಮನವಿ ಹಾಕಿದ್ದಾನೆ, ತೀರ್ಮಾನ ಬಂದಿಲ್ಲ. ಚೈತ್ರಾ ತರಗತಿಗೆ ಹೋಗುತ್ತಿದ್ದಾಳೆ, ಒಂದು ವಿಷಯ ಬಾಕಿ ಉಳಿದಿದೆ. ಮೊನ್ನೆ ಬಂದಾಗ ಆ ಚೇಂಬರ್‌ನ ಪತ್ರದ ಪ್ರತಿ ತನಗೆ ಕೊಡಿ ಅಂತ ಅರ್ಜಿ ಹಾಕಿದ್ದಾಗಿ ಹೇಳಿದಳು. ಅದು ಕೈಗೆ ಬಂದ ಮೇಲೆ ಪೊಲೀಸ್ ದೂರಿನ ಬಗ್ಗೆ ವಕೀಲೆಯ ಹತ್ತಿರ ಮಾತಾಡುತ್ತಾಳಂತೆ.